ನ್ಯೂಯಾರ್ಕಿನ ಜಾಝ್ ಸಪ್ಪರ್ ಕ್ಲಬ್ಬಿಗೆ ಹೋಗುವುದು ಹೇಗೆ: ಟಿಕೆಟ್ಟಿನಿಂದ ಕೊನೆಯ ರೈಲಿನವರೆಗೆ

ಬಾಸ್ ಅನ್ನುವ ಆಳೆತ್ತರದ ತಂತಿವಾದ್ಯ ನುಡಿಸುವವನ ಸರದಿ ಬಂದಿತ್ತು. ಪಿಯಾನೊ ನಿಂತಿತು. ಡ್ರಮ್ಮಿನವನು ಕಡ್ಡಿ ಕೆಳಗಿಟ್ಟು ಕೈಕಟ್ಟಿ ಕೂತ. ಎಂಬತ್ತು ತೊಂಬತ್ತು ಜನ ಇದ್ದ ಕೋಣೆ ದೇವರ ಮನೆಯಷ್ಟು ತಣ್ಣಗಾಯಿತು. ಆಗ ನಮ್ಮಮ್ಮ ವ್ಯಾನಿಟಿ ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಚರಚರ ಬಿಚ್ಚಿ, ಒಂದು ಕೋಡುಬಳೆ ಕಟುಮ್ಮನೆ ಕಚ್ಚಿದರು. ಬಾಸಿನವನು ತಲೆಯೆತ್ತಿ ನಮ್ಮ ಕಡೆ ನೋಡಿ ನಕ್ಕ. ಪಕ್ಕದ ಮೇಜಿನವರು ನಗಲಿಲ್ಲ.

ತಪ್ಪು ಅಮ್ಮನದಲ್ಲ, ನನ್ನದು. ಶೋ ಶುರುವಾಗಲು ಇಪ್ಪತ್ತು ನಿಮಿಷ ಇದೆ ಎನ್ನುವಾಗ ಕರೆದುಕೊಂಡು ಹೋಗಿದ್ದೆ. ಏನು ತಿನ್ನಬಹುದು ಅಂತ ವಿಚಾರಿಸಿರಲಿಲ್ಲ. ಅವರು ಹಸಿದೇ ಕೂತಿದ್ದರು. ಆಮೇಲೆ ಅಪ್ಪ ಅಮ್ಮ ಬಂದಾಗ, ಅತ್ತೆ ಮಾವ ಬಂದಾಗ, ಬೆಂಗಳೂರಿನ ಸ್ನೇಹಿತರು ಬಂದಾಗ ತುಂಬಾ ಸಲ ಹೋಗಿದ್ದೇನೆ. ಈಗ ನನ್ನದು ಒಂದೇ ಲೆಕ್ಕ: ಮೊದಲ ಸ್ವರ ಬೀಳುವ ಹೊತ್ತಿಗೆ ತಟ್ಟೆ ಖಾಲಿಯಾಗಿರಬೇಕು. ಕೆಳಗೆ ಬರೆದಿರುವುದೆಲ್ಲ ಆ ಒಂದು ಕೆಲಸಕ್ಕಾಗಿ.

ಹೆಜ್ಜೆ 1: ಯಾವ ಕ್ಲಬ್ ಅಂತ ಮೊದಲು ತೀರ್ಮಾನಿಸಿ

ಸಪ್ಪರ್ ಕ್ಲಬ್ ಅಂದರೆ ಅಮೆರಿಕದಲ್ಲಿ ಎರಡು ಅರ್ಥ ಇದೆ. ವಿಸ್ಕಾನ್ಸಿನ್ ಕಡೆ ಹೋದರೆ ಅದು ಊರಾಚೆಯ, ಹಳೇ ಕಾಲದ ಹೋಟೆಲ್ಲು. ಶುಕ್ರವಾರ ಕರಿದ ಮೀನು, ಬ್ರಾಂದಿ ಹಾಕಿದ ಓಲ್ಡ್ ಫ್ಯಾಷನ್ಡ್ ಅನ್ನುವ ಕಾಕ್‌ಟೇಲ್, ಊಟಕ್ಕೆ ಮುಂಚೆ ಹಸಿ ತರಕಾರಿ ಉಪ್ಪಿನಕಾಯಿಯ ತಟ್ಟೆ. ಸಂಗೀತ ಇರಲೇಬೇಕು ಅಂತೇನಿಲ್ಲ. ನ್ಯೂಯಾರ್ಕಿನಲ್ಲಿ ಆ ಮಾತಿಗೆ ವೇದಿಕೆ ಮುಂದೆ ಮೇಜು, ಮೇಜಿನ ಮೇಲೆ ಊಟ ಎಂದರ್ಥ. ನಾನು ಹೇಳುತ್ತಿರುವುದು ಈ ಎರಡನೆಯದನ್ನು.

ಊಟವೂ ಮುಖ್ಯ, ಸಂಗೀತವೂ ಮುಖ್ಯ ಅನ್ನುವವರಿಗೆ ನಾನು ಮೊದಲು ಹೇಳುವುದು ಸ್ಮೋಕ್. ಮ್ಯಾನ್‌ಹಟನ್ನಿನ ಮೇಲ್ಭಾಗದಲ್ಲಿ, ಬ್ರಾಡ್‌ವೇ ಮೇಲೆ 106ನೇ ಬೀದಿಯ ಹತ್ತಿರ ಇದೆ. 1999ರಲ್ಲಿ ಶುರುವಾದದ್ದು. ಹೆಸರಿನಲ್ಲೇ ‘ಜಾಝ್ ಅಂಡ್ ಸಪ್ಪರ್ ಕ್ಲಬ್’ ಅಂತಿದೆ. ಚಿಕ್ಕ ಕೋಣೆ, ಹಾಗಾಗಿ ಎಲ್ಲಿ ಕೂತರೂ ವೇದಿಕೆ ಹತ್ತಿರ.

ಊರು ನೋಡಲು ಬಂದವರನ್ನು ಕರೆದೊಯ್ಯುವುದಾದರೆ ಡಿಝೀಸ್ ಕ್ಲಬ್. ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಹೆಸರಿನದು. ಜಾಝ್ ಅಟ್ ಲಿಂಕನ್ ಸೆಂಟರ್ ಸಂಸ್ಥೆ 2004ರಲ್ಲಿ ಕೊಲಂಬಸ್ ಸರ್ಕಲ್ಲಿನ ಕಟ್ಟಡದ ಐದನೇ ಮಹಡಿಯಲ್ಲಿ ತೆರೆಯಿತು. ವೇದಿಕೆಯ ಹಿಂದೆ ಗೋಡೆಯಿಲ್ಲ, ದೊಡ್ಡ ಗಾಜು. ಅದರಾಚೆ ಸೆಂಟ್ರಲ್ ಪಾರ್ಕ್, ದೀಪಗಳು. ಸಂಗೀತ ಅರ್ಥವಾಗದಿದ್ದರೂ ನಮ್ಮ ಮಾವ ಒಂದೂಕಾಲು ಗಂಟೆ ಬೇಜಾರಿಲ್ಲದೆ ಕೂತಿದ್ದರು.

ಬ್ಲೂ ನೋಟ್ ಗ್ರೀನಿಚ್ ವಿಲೇಜಿನ ವೆಸ್ಟ್ 3ನೇ ಬೀದಿಯಲ್ಲಿದೆ, 1981ರದು. ದೊಡ್ಡ ದೊಡ್ಡ ಹೆಸರುಗಳು ಬರುತ್ತವೆ. ಆದರೆ ಮೇಜುಗಳು ಒತ್ತೊತ್ತು. ಭುಜಕ್ಕೆ ಭುಜ ತಾಗುತ್ತದೆ, ಗುರುತಿಲ್ಲದವರ ಜೊತೆ ಮೇಜು ಹಂಚಿಕೊಳ್ಳಬೇಕು. ನಮಗೆ ಮದುವೆ ಮನೆ ಪಂಕ್ತಿ ಅಭ್ಯಾಸವಿದೆ, ತೊಂದರೆ ಇಲ್ಲ. ಬರ್ಡ್‌ಲ್ಯಾಂಡ್ ಮೂಲತಃ 1949ರದು, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ‘ಬರ್ಡ್’ ಅನ್ನುವ ಅಡ್ಡಹೆಸರಿನಿಂದ ಬಂದ ಹೆಸರು. ಈಗ ಇರುವುದು ವೆಸ್ಟ್ 44ನೇ ಬೀದಿಯಲ್ಲಿ, ಟೈಮ್ಸ್ ಸ್ಕ್ವೇರಿಗೆ ಹತ್ತಿರ.

ಇನ್ನು ವಿಲೇಜ್ ವ್ಯಾನ್‌ಗಾರ್ಡ್. 1935ರಿಂದ ಇರುವ ನೆಲಮಾಳಿಗೆ. ಕೇಳುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಕೊಲ್ಟ್ರೇನ್, ಸಾನಿ ರಾಲಿನ್ಸ್, ಬಿಲ್ ಎವನ್ಸ್ ಅವರಂಥ ದೊಡ್ಡ ಜಾಝ್ ವಾದಕರೆಲ್ಲ ಇಲ್ಲಿ ನುಡಿಸಿದ್ದು ಧ್ವನಿಮುದ್ರಣವಾಗಿದೆ. ಆದರೆ ಊಟವೇ ಇಲ್ಲ, ಕುಡಿಯುವುದಕ್ಕೆ ಮಾತ್ರ. ಅಲ್ಲಿಗೆ ಹೋಗುವ ದಿನ ಹೊರಗೆ ಹೊಟ್ಟೆತುಂಬಾ ತಿಂದು ಹೋಗಿ. ಊಟ ಸಂಗೀತ ಎರಡನ್ನೂ ಒಂದೇ ಕಡೆ ಹುಡುಕುವವರ ಪಟ್ಟಿಯಲ್ಲಿ ಇದಿಲ್ಲ, ಆದರೂ ಬಿಟ್ಟು ಬರೆಯಲು ಮನಸ್ಸಾಗಲಿಲ್ಲ.

ಬೆಂಗಳೂರಿನಲ್ಲೇ ಒಂದು ಸಲ ರುಚಿ ನೋಡಬೇಕು ಅನ್ನುವವರಿಗೆ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಇದೆ. ಟಿಕೆಟ್ ತೆಗೆದುಕೊಂಡು ಊಟ ಮಾಡುತ್ತಾ ಜಾಝ್ ಕೇಳುವ ರೂಢಿ ಅಲ್ಲಿಂದಲೇ ಶುರುಮಾಡಬಹುದು.

ಹೆಜ್ಜೆ 2: ದಿನ, ಸೆಟ್ ಆರಿಸಿ

ಒಂದೇ ರಾತ್ರಿ ಸಾಮಾನ್ಯವಾಗಿ ಎರಡು ಸೆಟ್ ಇರುತ್ತವೆ. ನಮ್ಮ ಸಂಗೀತ ಕಚೇರಿ ಥರ ಮೂರು ಗಂಟೆ ಒಂದೇ ಸಮ ನಡೆಯುವುದಿಲ್ಲ. ಒಂದು ಸೆಟ್ ಅಂದರೆ ಹೆಚ್ಚುಕಡಿಮೆ ಒಂದರಿಂದ ಒಂದೂಕಾಲು ಗಂಟೆ. ಅದು ಮುಗಿದ ಮೇಲೆ ಕೋಣೆ ಖಾಲಿ ಮಾಡಿಸಿ, ಮೇಜು ಒರೆಸಿ, ಎರಡನೆಯವರನ್ನು ಒಳಗೆ ಬಿಡುತ್ತಾರೆ. ಒಂದು ಟಿಕೆಟ್ಟಿಗೆ ಒಂದೇ ಸೆಟ್.

ವಯಸ್ಸಾದವರ ಜೊತೆ ಹೋಗುವುದಾದರೆ ಮೊದಲ ಸೆಟ್. ಊಟದ ಹೊತ್ತಿಗೂ ಸರಿಹೋಗುತ್ತದೆ, ರೈಲೂ ಸಿಗುತ್ತದೆ. ಒಬ್ಬರೇ ಹೋದರೆ ವಾರದ ನಡುವಿನ ದಿನ ಎರಡನೇ ಸೆಟ್ಟಿಗೆ ಹೋಗಿ ನೋಡಿ. ಜನ ಕಮ್ಮಿ. ನುಡಿಸುವವರ ಕೈಯೂ ಅಷ್ಟು ಹೊತ್ತಿಗೆ ಬಿಸಿಯಾಗಿರುತ್ತದೆ.

ಹೆಜ್ಜೆ 3: ದುಡ್ಡಿನ ಲೆಕ್ಕ ಮನೆಯಲ್ಲೇ ಮಾಡಿ

ಮೊದಲ ಸಲ ಹೋದವರು ಜಾಸ್ತಿ ಬೇಜಾರಾಗುವುದು ಇಲ್ಲೇ. ಟಿಕೆಟ್ ಕೊಟ್ಟಾಯಿತು, ಮುಗಿಯಿತು ಅಂದುಕೊಂಡಿರುತ್ತಾರೆ. ಮುಗಿದಿರುವುದಿಲ್ಲ.

ಟಿಕೆಟ್ ಅಂದರೆ ಸಂಗೀತದ ದುಡ್ಡು. ಇದನ್ನು ಕವರ್ ಅಥವಾ ಮ್ಯೂಸಿಕ್ ಚಾರ್ಜ್ ಅನ್ನುತ್ತಾರೆ. ಯಾರು ನುಡಿಸುತ್ತಾರೆ, ಯಾವ ವಾರ, ಯಾವ ಸೀಟು ಅನ್ನುವುದರ ಮೇಲೆ ಏರಿಳಿಯುತ್ತದೆ. ಆನ್‌ಲೈನ್ ಬುಕಿಂಗ್ ಶುಲ್ಕ ಬೇರೆ. ಅದರ ಮೇಲೆ ‘ಮಿನಿಮಮ್’ ಅಂತ ಒಂದಿರುತ್ತದೆ. ತಲಾ ಇಷ್ಟು ಡಾಲರಿನದ್ದಾದರೂ ತಿನ್ನಬೇಕು ಇಲ್ಲವೇ ಕುಡಿಯಬೇಕು ಅಂತ. ಮೇಜಿಗಲ್ಲ, ತಲೆಗೆ. ನಾನು ಸುಮ್ನೆ ಕೇಳ್ತೀನಿ, ನನಗೇನೂ ಬೇಡ ಅಂದರೂ ಬಿಲ್ಲಿನಲ್ಲಿ ಅದು ಬರುತ್ತದೆ. ಆದ್ದರಿಂದ ತಿಂದುಬಿಡುವುದೇ ಲಾಭ. ಮದ್ಯವೇ ಆಗಬೇಕು ಅಂತೇನಿಲ್ಲ. ಜಿಂಜರ್ ಏಲ್, ಕಾಫಿ, ಸೋಡಾ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮದ್ಯ ಬೇಕಾದರೆ 21 ತುಂಬಿರಬೇಕು, ಗುರುತಿನ ಚೀಟಿ ಇರಲಿ.

ಒಂದು ಉದಾಹರಣೆ ಹಾಕೋಣ. ಇಬ್ಬರು ಹೋದಿರಿ. ಕವರ್ ತಲಾ 40 ಡಾಲರ್, ಮಿನಿಮಮ್ ತಲಾ 20. ನೀವು ಎರಡು ಊಟ, ಎರಡು ಸೋಡಾ ತೆಗೆದುಕೊಂಡು 70 ಡಾಲರ್ ಆಯಿತು. ಮಿನಿಮಮ್ ದಾಟಿದ್ದೀರಿ, ಅದರ ಚಿಂತೆ ಮುಗಿಯಿತು. ನಗರದ ಮಾರಾಟ ತೆರಿಗೆ 8.875 ಶೇಕಡ, ಅಂದರೆ 70ಕ್ಕೆ 6.21. ಟಿಪ್ 20 ಶೇಕಡ, 14. ಊಟದ ಬಿಲ್ 90.21. ಕವರ್ ಸೇರಿ 170.21. ಮೇಲೆ ಬುಕಿಂಗ್ ಶುಲ್ಕ, ರೈಲು.

ಟಿಪ್ ಬಗ್ಗೆ ಊರಿಂದ ಬಂದವರು ಯಾವಾಗಲೂ ವಾದ ಮಾಡುತ್ತಾರೆ. ‘ಅಷ್ಟೊಂದಾ?’ ಅಂತ ಅಪ್ಪ ಪ್ರತಿ ಸಲ ಕೇಳುತ್ತಾರೆ. ಇಲ್ಲಿ ಬಡಿಸುವವರಿಗೆ ಮಾಲೀಕರು ಕೊಡುವ ಗಂಟೆ ಕೂಲಿ ಕಮ್ಮಿ ಇರುತ್ತದೆ, ಟಿಪ್ ಸೇರಿಸಿಯೇ ಅವರ ಸಂಬಳ. ಲೆಕ್ಕಕ್ಕೆ ಸುಲಭದ ದಾರಿ: ಬಿಲ್ಲಿನಲ್ಲಿರುವ ತೆರಿಗೆಯನ್ನು ಎರಡರಿಂದ ಗುಣಿಸಿ. ಹದಿನೆಂಟು ಶೇಕಡದ ಹತ್ತಿರ ಬರುತ್ತದೆ. ಮನಸ್ಸು ಬಂದರೆ ಸ್ವಲ್ಪ ಮೇಲೆ ಹಾಕಿ. ಆದರೆ ಮೊದಲು ಟಿಪ್ಪನ್ನು ‘ಗ್ರಾಚುಯಿಟಿ’ ಅಂತ ಬಿಲ್ಲಿನಲ್ಲಿ ಆಗಲೇ ಸೇರಿಸಿದ್ದಾರಾ ನೋಡಿ. ಮಂದ ಬೆಳಕಿನಲ್ಲಿ ಅದನ್ನು ಗಮನಿಸದೆ ನಾನು ಒಂದು ಸಲ ಎರಡೆರಡು ಸಲ ಕೊಟ್ಟು ಬಂದಿದ್ದೇನೆ. ನಮ್ಮ ಗ್ರಾಚುಯಿಟಿ ನಿವೃತ್ತಿಯಾದಾಗ ಬರುತ್ತೆ, ಇವರದು ಊಟ ಆದ ಕೂಡಲೇ ಹೋಗುತ್ತೆ ಅಂದರು ಅಪ್ಪ.

ಕ್ಲಬ್ಬುಗಳಿಗೆ ಸರ್ಕಾರವೂ ಕಮ್ಮಿ ಕಾಟ ಕೊಟ್ಟಿಲ್ಲ. 1944ರಲ್ಲಿ ಹಾಡು, ಕುಣಿತ ಇರುವ ಕ್ಲಬ್ಬಿನ ಬಿಲ್ಲಿನ ಮೇಲೆ ಕೇಂದ್ರ ಸರ್ಕಾರ 30 ಶೇಕಡ ತೆರಿಗೆ ಹಾಕಿತ್ತು, ಬೇಗನೆ ಅದನ್ನು 20ಕ್ಕೆ ಇಳಿಸಿತು. ಬರೀ ವಾದ್ಯ ಇದ್ದರೆ ತೆರಿಗೆ ಇಲ್ಲ. ಕುಣಿಯುವ ಜಾಝ್ ಹಿಂದೆ ಸರಿದು, ಕೂತು ಕೇಳುವ ಜಾಝ್ ಮುಂದೆ ಬಂದದ್ದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ. ಅದು ಸಾಲದು ಅಂತ ನ್ಯೂಯಾರ್ಕಿನಲ್ಲಿ 1940ರಿಂದ 1967ರವರೆಗೆ ಕ್ಲಬ್ಬಿನಲ್ಲಿ ನುಡಿಸಲು ಪೊಲೀಸರು ಕೊಡುವ ಕ್ಯಾಬರೆ ಕಾರ್ಡ್ ಬೇಕಿತ್ತು. ಥೆಲೋನಿಯಸ್ ಮಂಕ್ ಅವರ ಕಾರ್ಡ್ 1951ರಲ್ಲಿ ಕಿತ್ತುಕೊಂಡರು. ಅಂಥ ಪಿಯಾನೊ ವಾದಕ 1957ರವರೆಗೆ ತನ್ನದೇ ಊರಿನ ಕ್ಲಬ್ಬುಗಳಲ್ಲಿ ನುಡಿಸುವ ಹಾಗಿರಲಿಲ್ಲ.

ಹೆಜ್ಜೆ 4: ಬೇಗ ಹೋಗಿ, ಸರಿಯಾದ ಕಡೆ ಕೂರಿ

ಕೆಲವು ಕಡೆ ಸೀಟು ಮೊದಲೇ ಗೊತ್ತಾಗಿರುತ್ತದೆ. ಕೆಲವು ಕಡೆ ಮೊದಲು ಬಂದವರಿಗೆ ಮೊದಲು. ಎರಡನೆಯ ಥರದ್ದಾದರೆ, ಎಂಟಕ್ಕೆ ಶೋ ಇದ್ದು ಆರಕ್ಕೆ ಬಾಗಿಲು ತೆರೆದರೆ, ನೀವು ಆರಕ್ಕೇ ಬಾಗಿಲಲ್ಲಿರಿ. ಎರಡು ಗಂಟೆ ಏನು ಮಾಡುವುದು ಅಂತ ಕೇಳಬೇಡಿ. ಊಟ ಮಾಡುವುದು!

ಪಿಯಾನೊ ವಾದಕರನ್ನು ನೋಡಲು ಹೋಗಿದ್ದರೆ ವೇದಿಕೆಗೆ ಮುಖ ಮಾಡಿದಾಗ ನಿಮ್ಮ ಎಡಭಾಗ ಕೇಳಿ. ಗ್ರ್ಯಾಂಡ್ ಪಿಯಾನೊವನ್ನು ಸಾಮಾನ್ಯವಾಗಿ ಇಡುವ ರೀತಿಗೆ, ಬೆರಳು ಕಾಣುವುದು ಆ ಕಡೆಯಿಂದ ಮಾತ್ರ. ಬಲಕ್ಕೆ ಕೂತರೆ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ. ಡ್ರಮ್ಮಿನ ಮುಂದೆಯೇ ಮೇಜು ಕೊಟ್ಟರೆ ವಯಸ್ಸಾದವರ ಕಿವಿಗೆ ಕಷ್ಟ, ಎರಡು ಸಾಲು ಹಿಂದೆ ಕೊಡಿ ಅನ್ನಿ. ಅಡುಗೆ ಮನೆ ಬಾಗಿಲು, ಬಾರ್ ಕೌಂಟರ್ ಪಕ್ಕ ಬೇಡ. ಅಲ್ಲಿ ಐಸ್ ಕುಲುಕುವ ಸದ್ದು ಕೊನೆತನಕ.

ಬಟ್ಟೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಚ್ಚುಕಟ್ಟಾಗಿದ್ದರೆ ಸಾಕು, ಸೀರೆಯಾದರೆ ಇನ್ನೂ ಒಳ್ಳೆಯದು. ಎಸಿ ಮಾತ್ರ ಜೋರು. ಜುಲೈ ತಿಂಗಳಾದರೂ ಒಂದು ಶಾಲು ಇಟ್ಟುಕೊಳ್ಳಿ.

ಹೆಜ್ಜೆ 5: ಊಟ ಹೇಳುವುದು

ಕೂತ ಹತ್ತು ಹದಿನೈದು ನಿಮಿಷದಲ್ಲಿ ಆರ್ಡರ್ ಕೊಟ್ಟುಬಿಡಿ. ಆರೂವರೆಗೆ ಹೇಳಿದರೆ ಏಳೂಕಾಲಿಗೆ ಮುಖ್ಯ ಊಟ ಬರುತ್ತದೆ, ಏಳೂಮುಕ್ಕಾಲಿಗೆ ತಟ್ಟೆ ಹೋಗುತ್ತದೆ. ಏಳೂವರೆಗೆ ಇಡೀ ಕೋಣೆ ಒಟ್ಟಿಗೆ ಆರ್ಡರ್ ಕೊಡುತ್ತದೆ. ಆಗ ಹೇಳಿದರೆ ನಿಮ್ಮ ತಟ್ಟೆ ಬರುವುದು ಮೊದಲ ಹಾಡಿನ ನಡುವೆ, ದೀಪ ಆರಿದ ಮೇಲೆ. ಏನು ತಿನ್ನುತ್ತಿದ್ದೀರಿ ಅಂತ ಕಾಣುವುದೂ ಇಲ್ಲ.

ಸಸ್ಯಾಹಾರಿಗಳು ಇಲ್ಲಿ ನಿಧಾನಿಸಿ. ಜಾಝ್ ಕ್ಲಬ್ಬುಗಳಲ್ಲಿ ಅಮೆರಿಕದ ದಕ್ಷಿಣದ ಊಟ ಜಾಸ್ತಿ ಕಾಣುತ್ತದೆ. ಜಾಝ್ ಹುಟ್ಟಿದ ಊರು ನ್ಯೂ ಆರ್ಲಿಯನ್ಸ್, ಆ ಕಡೆಯ ಅಡುಗೆ. ನೋಡಲು ನಮ್ಮದರ ಹಾಗೆಯೇ ಇರುತ್ತದೆ, ಅದೇ ಮೋಸ. ಕಾಲರ್ಡ್ ಗ್ರೀನ್ಸ್ ಅಂತ ಒಂದಿದೆ. ಅಗಲ ಎಲೆಯ, ಕೋಸಿನ ಜಾತಿಯ ಸೊಪ್ಪು, ಮೆತ್ತಗೆ ಬೇಯಿಸಿರುತ್ತಾರೆ. ಅವತ್ತು ಅಮ್ಮ ಪಕ್ಕದ ಮೇಜಿನ ತಟ್ಟೆ ನೋಡಿ ‘ಸೊಪ್ಪಿನ ಪಲ್ಯ ಕಣೋ, ಅದೇ ಹೇಳು’ ಅಂದರು. ಹೇಳಿದೆ. ಬಂತು. ಚಮಚದಲ್ಲಿ ಎತ್ತಿದರೆ ನಡುವೆ ಒಂದು ಗುಲಾಬಿ ಬಣ್ಣದ ಎಳೆ. ಹೊಗೆ ಹಾಕಿದ ಹಂದಿ ಕಾಲಿನ ಜೊತೆ ಬೇಯಿಸುವುದೇ ಅದರ ಪದ್ಧತಿ, ರುಚಿ ಬರುವುದೇ ಅದರಿಂದ ಅಂತ ಬಡಿಸುವ ಹುಡುಗಿ ಪಾಪ ಹೆಮ್ಮೆಯಿಂದ ಹೇಳಿದಳು. ಅಮ್ಮ ಚಮಚ ಕೆಳಗಿಟ್ಟರು. ಕೋಡುಬಳೆ ಕಥೆ ಶುರುವಾದದ್ದು ಅಲ್ಲಿ.

ಹಾಗಾಗಿ ‘ವೆಜಿಟೇರಿಯನ್’ ಅಂತ ಒಂದೇ ಮಾತು ಹೇಳಿ ಬಿಡಬೇಡಿ. ಬಿಡಿಸಿ ಕೇಳಿ: ನೋ ಮೀಟ್, ನೋ ಫಿಶ್, ನೋ ಚಿಕನ್ ಸ್ಟಾಕ್, ನೋ ಬೇಕನ್. ಬೇಕನ್ ಅಂದರೆ ಹಂದಿ ಮಾಂಸ. ಚಿಕನ್ ಸ್ಟಾಕ್ ಅಂದರೆ ಕೋಳಿ ಬೇಯಿಸಿದ ನೀರು, ಅದನ್ನು ಸೂಪಿಗೆ ಹಾಕುತ್ತಾರೆ. ಗಂಬೋ ನೋಡಲು ಬೆಂಡೆಕಾಯಿ ಹುಳಿ, ಒಳಗೆ ಸೀಗಡಿ ಅಥವಾ ಸಾಸೇಜ್. ರೆಡ್ ಬೀನ್ಸ್ ಅನ್ನ ನಮ್ಮ ಕಾಳು ಸಾರಿನ ತಮ್ಮನ ಹಾಗೆ, ಅದರಲ್ಲೂ ಮಾಂಸ ಇರುತ್ತದೆ. ಮೆಕ್ಕೆಜೋಳದ ಬ್ರೆಡ್ಡಿನಲ್ಲಿ ಮೊಟ್ಟೆ ಇರುವುದೇ ಜಾಸ್ತಿ, ಕೆಲವರು ಹಂದಿ ಕೊಬ್ಬನ್ನೂ ಹಾಕುತ್ತಾರೆ. ಮ್ಯಾಕ್ ಅಂಡ್ ಚೀಸ್ ಸಾಮಾನ್ಯವಾಗಿ ಆಗುತ್ತದೆ, ಮೇಲೆ ಬೇಕನ್ ಪುಡಿ ಉದುರಿಸಬೇಡಿ ಅಂತ ಹೇಳಿಬಿಡಿ. ಟಿಕೆಟ್ ತೆಗೆದ ದಿನವೇ ಫೋನ್ ಮಾಡಿ ಕೇಳುವುದು ಇನ್ನೂ ಒಳ್ಳೆಯದು. ಮಧ್ಯಾಹ್ನ ಮೂರರಿಂದ ಐದರ ಒಳಗೆ ಮಾಡಿ, ಆಗ ಅಡುಗೆಯವರಿಗೆ ಪುರುಸೊತ್ತು ಇರುತ್ತದೆ.

ಏನು ತಿನ್ನಬೇಕು ಅನ್ನುವಷ್ಟೇ ಹೇಗೆ ತಿನ್ನಬೇಕು ಅನ್ನುವುದೂ ಇದೆ. ಚಾಕು ಹಿಡಿದು ಕೊಯ್ಯುವಂಥದ್ದು, ಕಡಿದರೆ ಸದ್ದಾಗುವಂಥದ್ದು ಬೇಡ. ಪಾಸ್ಟಾ, ಗ್ರಿಟ್ಸ್, ಒಂದೇ ಫೋರ್ಕಿನಲ್ಲಿ ಮುಗಿಯುವಂಥದ್ದು ತಗೊಳ್ಳಿ. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ರವೆ ಗಂಜಿ. ಬೆಣ್ಣೆ ಹಾಕಿಸಿಕೊಂಡರೆ ಅಮ್ಮಂದಿರಿಗೆ ಹಿಡಿಸುತ್ತದೆ, ನೀರಲ್ಲಿ ಬೇಯಿಸಿದ್ದಾ ಸ್ಟಾಕಿನಲ್ಲಾ ಅಂತ ಕೇಳಿದ ಮೇಲೆ. ಮಿಕ್ಕಿದರೆ ಕಟ್ಟಿಸಿಕೊಳ್ಳುವುದಕ್ಕೆ ಡಬ್ಬಿ ಕೇಳುವುದನ್ನು ಸೆಟ್ಟಿಗೆ ಮುಂಚೆಯೇ ಮುಗಿಸಿ. ಕಾಫಿ, ಸಿಹಿ ಬೇಕಾದರೆ ದೀಪ ಆರುವ ಹತ್ತು ನಿಮಿಷ ಮುಂಚೆ ಹೇಳಿ, ಸದ್ದಿಲ್ಲದೆ ಬಂದು ಕೂರುತ್ತದೆ.

ಹೆಜ್ಜೆ 6: ಕೇಳುವುದು

ಮೊಬೈಲ್ ಒಳಗಿಡಿ. ಕೆಲವು ಕಡೆ ಒಂದು ಫೋಟೊಗೆ ಬಿಡುತ್ತಾರೆ, ವ್ಯಾನ್‌ಗಾರ್ಡಿನಂಥ ಕಡೆ ಅದೂ ಇಲ್ಲ. ಮಾತು ಬೇಡ, ಪಿಸುಮಾತೂ ಬೇಡ.

ಜಾಝ್ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಕಚೇರಿ ಕೇಳಿದವರಿಗೆ ಅರ್ಧ ಗೊತ್ತೇ ಇರುತ್ತದೆ. ಮೊದಲು ಎಲ್ಲರೂ ಸೇರಿ ಒಂದು ಮಟ್ಟು ನುಡಿಸುತ್ತಾರೆ, ಅದಕ್ಕೆ ಹೆಡ್ ಅನ್ನುತ್ತಾರೆ. ಪಲ್ಲವಿ ಅಂದುಕೊಳ್ಳಿ. ಆಮೇಲೆ ಅದೇ ಅಳತೆಯೊಳಗೆ ಒಬ್ಬೊಬ್ಬರೇ ತಮ್ಮ ಮನೋಧರ್ಮ ತೋರಿಸುತ್ತಾರೆ. ತುಂಬಾ ಹಾಡುಗಳಲ್ಲಿ ಆ ಅಳತೆ ನಾಲ್ಕು ನಾಲ್ಕು ಎಣಿಕೆಯ 32 ಆವರ್ತ, ಎಂಟೆಂಟರ ನಾಲ್ಕು ತುಂಡು. ಬ್ಲೂಸ್ ಆದರೆ 12. ಕೊನೆಯಲ್ಲಿ ಮತ್ತೆ ಎಲ್ಲರೂ ಸೇರಿ ಹೆಡ್. ಒಬ್ಬರ ಸರದಿ ಮುಗಿದ ಕೂಡಲೇ, ಹಾಡು ನಡೆಯುತ್ತಿರುವಾಗಲೇ ಚಪ್ಪಾಳೆ ತಟ್ಟುತ್ತಾರೆ. ತನಿ ಮುಗಿದಾಗ ನಾವು ತಟ್ಟುವುದಿಲ್ಲವಾ, ಹಾಗೆ. ‘ಭಲೇ’ ಅನ್ನುವ ಜಾಗದಲ್ಲಿ ಇವರು ‘ಯೆಸ್’ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಕೆಲವು ಸಲ ನಾಲ್ಕು ಆವರ್ತ ಸ್ಯಾಕ್ಸೊಫೋನ್, ನಾಲ್ಕು ಆವರ್ತ ಡ್ರಮ್, ಮತ್ತೆ ನಾಲ್ಕು ಇವರು, ನಾಲ್ಕು ಅವರು ಅಂತ ಹಂಚಿಕೊಳ್ಳುತ್ತಾರೆ. ಇದಕ್ಕೆ ಟ್ರೇಡಿಂಗ್ ಫೋರ್ಸ್ ಅಂತ ಹೆಸರು. ಅಪ್ಪ ಇದು ಬಂದಾಗ ಕುರ್ಚಿ ತುದಿಗೆ ಬರುತ್ತಾರೆ. ಮೃದಂಗ ಖಂಜಿರದ ಜಗಳ ನೋಡಿದ ಕಣ್ಣು ಅದು.

ತಾಳ ಹಾಕುವವರಿಗೆ ಒಂದು ಎಚ್ಚರಿಕೆ. ನಮ್ಮ ಕೈ ಒಂದರ ಮೇಲೆ ಬೀಳುತ್ತದೆ. ಅಪ್ಪ ಮೊದಲ ದಿನ ಆದಿತಾಳದ ಲೆಕ್ಕದಲ್ಲಿ ತೊಡೆ ಮೇಲೆ ಘಾತ ಹಾಕುತ್ತಾ ಕೂತಿದ್ದರು, ಎಲ್ಲೋ ಏನೋ ಕೂಡುತ್ತಿಲ್ಲ ಅಂತ ಮುಖ ಸಣ್ಣದು ಮಾಡಿಕೊಂಡರು. ಇಲ್ಲಿ ಒತ್ತು ಎರಡು, ನಾಲ್ಕರ ಮೇಲೆ. ಡ್ರಮ್ ವಾದಕರ ಎಡಗಾಲು ನೋಡಿ. ಎರಡು ಚಿಕ್ಕ ತಟ್ಟೆತಾಳ ಒಂದರ ಮೇಲೊಂದು ಇರುತ್ತವೆ, ಕಾಲು ಒತ್ತಿದಾಗ ‘ಛಿಕ್’ ಅಂತ ಮುಚ್ಚುತ್ತವೆ. ಆ ಛಿಕ್ಕೇ ಎರಡು, ಆ ಛಿಕ್ಕೇ ನಾಲ್ಕು. ಅದರ ಜೊತೆ ಬೆರಳು ಸೇರಿಸಿದರೆ ಐದು ನಿಮಿಷದಲ್ಲಿ ಒಳಗೆ ಬಂದುಬಿಡುತ್ತೀರಿ.

ಸ್ಯಾಕ್ಸೊಫೋನ್ ನೋಡಿದ ಕೂಡಲೇ ನಮ್ಮವರಿಗೆ ಮಂಗಳೂರಿನ ಕದ್ರಿ ಗೋಪಾಲನಾಥ್ ನೆನಪಾಗುತ್ತಾರೆ. ಆ ನೆನಪು ಇಲ್ಲಿ ದಾರಿತಪ್ಪಿದ್ದಲ್ಲ. ಭಾರತೀಯ ಮೂಲದ ಅಮೆರಿಕನ್ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರು ಕದ್ರಿಯವರ ಜೊತೆ ನುಡಿಸಿ 2008ರಲ್ಲಿ ಒಂದು ಆಲ್ಬಂ ತಂದರು. ಮನೆಯಲ್ಲಿ ಅದನ್ನು ಒಂದು ಸಲ ಕೇಳಿಸಿ ಕರೆದುಕೊಂಡು ಹೋದರೆ ಹಿರಿಯರಿಗೆ ಹೊಸ ಕೋಣೆ ಹೊಸದು ಅನ್ನಿಸುವುದಿಲ್ಲ.

ಇನ್ನು ಬಾಸ್ ಸೋಲೊ. ಎಲ್ಲ ವಾದ್ಯ ಇಳಿದು ಕೋಣೆ ಖಾಲಿಯಾದ ಹಾಗೆ ಅನ್ನಿಸುತ್ತದೆ. ‘ಮುಗಿಯಿತು’ ಅಂತ ಜನ ಮಾತು ಶುರುಮಾಡುವುದು, ಬ್ಯಾಗ್ ತೆರೆಯುವುದು ಇದೇ ಹೊತ್ತಿಗೆ. ಮುಗಿದಿರುವುದಿಲ್ಲ. ತಂತಿಯ ಮೇಲೆ ಬೆರಳು ಜಾರುವ ಸದ್ದು ಕೇಳಿಸುವುದು ಈ ಮೂರು ನಿಮಿಷದಲ್ಲಿ ಮಾತ್ರ. ಅಲುಗಾಡದೆ ಕೂರಿ.

ಹೆಜ್ಜೆ 7: ಬಿಲ್ಲು

ಬಿಲ್ ತರುವುದು ಸಾಮಾನ್ಯವಾಗಿ ಕೊನೆಯ ಹಾಡಿನಲ್ಲಿ. ಎರಡನೇ ಸೆಟ್ಟಿನವರು ಹೊರಗೆ ಕಾಯುತ್ತಿರುತ್ತಾರೆ, ಅವರಿಗೂ ಅವಸರ. ನುಡಿಸುವವರು ತಮ್ಮ ಒಳ್ಳೆಯ ಹಾಡು ತೆಗೆದಾಗ ನೀವು ಮೊಬೈಲ್ ಬೆಳಕಿನಲ್ಲಿ ಲೆಕ್ಕ ಹಾಕುತ್ತಿರುತ್ತೀರಿ. ಇದನ್ನು ತಪ್ಪಿಸಲು ಕಾಫಿ ತಂದಾಗಲೇ ‘ಬಿಲ್ ಈಗಲೇ ಕೊಟ್ಟುಬಿಡಿ’ ಅನ್ನಿ. ಸೆಟ್ ಶುರುವಾಗುವ ಮುಂಚೆ ಕಾರ್ಡ್ ಕೊಟ್ಟು, ಸಹಿ ಹಾಕಿ, ಪರ್ಸ್ ಮುಚ್ಚಿಬಿಡಿ. ಅವರೂ ಖುಷಿಯಾಗುತ್ತಾರೆ.

ಹೆಜ್ಜೆ 8: ಮನೆಗೆ

ಬ್ಲೂ ನೋಟಿಗೆ ಸಬ್‌ವೇಯ ವೆಸ್ಟ್ 4 ಸ್ಟ್ರೀಟ್ ನಿಲ್ದಾಣ. ಡಿಝೀಸಿಗೆ 59ನೇ ಬೀದಿ, ಕೊಲಂಬಸ್ ಸರ್ಕಲ್. ಸ್ಮೋಕಿಗೆ 1ನೇ ನಂಬರ್ ರೈಲು, 103ನೇ ಬೀದಿಯಲ್ಲಿ ಇಳಿದು ಸ್ವಲ್ಪ ನಡೆಯಿರಿ. ಜರ್ಸಿ ಸಿಟಿ ಕಡೆಯವರಿಗೆ ಪಾತ್ ರೈಲು ರಾತ್ರಿಯಿಡೀ ಇರುತ್ತದೆ. ನಮ್ಮ ಹಾಗೆ ನ್ಯೂಜೆರ್ಸಿಯ ಎಡಿಸನ್ ಕಡೆ ಇರುವವರು ಪೆನ್ ಸ್ಟೇಷನ್ನಿಗೆ ಬಂದು ಎನ್‌ಜೆ ಟ್ರಾನ್ಸಿಟ್ ರೈಲು ಹಿಡಿಯಬೇಕು. ಹೊತ್ತಾದ ಹಾಗೆ ರೈಲುಗಳ ನಡುವಿನ ಅಂತರ ಜಾಸ್ತಿ. ಹೋಗುವಾಗಲೇ ವಾಪಸ್ ರೈಲಿನ ಎರಡು ಸಮಯ ಬರೆದಿಟ್ಟುಕೊಳ್ಳಿ, ಒಂದು ತಪ್ಪಿದರೆ ಇನ್ನೊಂದಕ್ಕೆ.

ಮೊನ್ನೆ ಬಂದಾಗ ನಮಗೆ ಮೊದಲನೆಯದು ತಪ್ಪಿತು. ಸ್ಟೇಷನ್ನಿನಲ್ಲಿ ಅರ್ಧ ಗಂಟೆ ಕಾದೆವು. ಅಪ್ಪ ಬೋರ್ಡ್ ನೋಡುತ್ತಾ ಎರಡು, ನಾಲ್ಕರ ಮೇಲೆ ಬೆರಳು ಆಡಿಸುತ್ತಿದ್ದರು. ಅಮ್ಮ ಬ್ಯಾಗ್ ತೆರೆದು ಕೋಡುಬಳೆ ಕವರ್ ಹೊರಗೆ ತೆಗೆದರು. ‘ಇಲ್ಲಿ ತಿನ್ನಬಹುದು ಅಲ್ವಾ?’ ಅಂತ ಕೇಳಿ, ನಮ್ಮಿಬ್ಬರಿಗೂ ಒಂದೊಂದು ಕೊಟ್ಟರು.